ಸೊಣ್ಣಮ್ಮನ ಹೆಸರಿನ ಹೊಲ

ಪತ್ರ ಬರೆಯುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಿಗೆ ಮನುಷ್ಯರ ಬಗ್ಗೆ ದೊಡ್ಡ ಅಭಿಪ್ರಾಯವೇನೂ ಉಳಿದಿರುವುದಿಲ್ಲ. ನನಗೂ ಉಳಿದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಒಂದು ಇಳಿಜಾರು ಮೇಜು, ಒಂದು ಬೆಂಚು, ಎರಡು ಶಾಯಿ ಬುಡ್ಡಿ ಇಟ್ಟುಕೊಂಡು ಕೂತವನು ನಾನು, ನರಸಿಂಹಯ್ಯ. ಅಣ್ಣತಮ್ಮಂದಿರು ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಚೀಲದಿಂದ ಎಲೆಅಡಿಕೆ ತೆಗೆದು ಹಾಕಿಕೊಂಡು, ಸಂಜೆಗೆ ಬೇರೆ ಬೇರೆ ಬಸ್ಸು ಹತ್ತಿ ಹೋಗುವುದನ್ನು ಎಷ್ಟು ಸಲ ನೋಡಿದ್ದೇನೋ. ಆದ್ದರಿಂದ ಕುಂದಲಹಳ್ಳಿಯ ಸೊಣ್ಣಮ್ಮನ ಬಗ್ಗೆ ಹೇಳುವಾಗ ನಾನು ಸ್ವಲ್ಪ ಮೆತ್ತಗಾದರೆ ಅದನ್ನು ನನ್ನ ಸ್ವಭಾವ ಎಂದು ತಿಳಿಯಬೇಡಿ. ಆಕೆಯ ವಿಷಯದಲ್ಲಿ ಮಾತ್ರ ಹಾಗಾಗುತ್ತದೆ.

ಮೊದಲ ಸಲ ಆಕೆಯನ್ನು ನೋಡಿದ್ದು ಎಪ್ಪತ್ತಾರನೇ ಇಸವಿಯ ಫೆಬ್ರವರಿಯಲ್ಲಿ. ಅಣ್ಣ ನಲ್ಲಪ್ಪ ಕರೆದುಕೊಂಡು ಬಂದಿದ್ದ. ನಲ್ಲಪ್ಪ ಒಂದು ದೊಡ್ಡ ಕಾರ್ಖಾನೆಯಲ್ಲಿ ಚಾರ್ಜ್‌ಮನ್. ಮಾರತ್ತಹಳ್ಳಿಯಲ್ಲಿ ಸ್ವಂತ ಮನೆ, ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು. ಎರಡು ಪೆನ್ನಿಟ್ಟುಕೊಂಡು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಬರೆಯುವವನು ನಾನು, ಪೆನ್ನು ಅವರಿಗೇಕೆ? ಕುಂದಲಹಳ್ಳಿ ಕೆರೆಯ ಹಿಂದೆ ಒಂದು ಎಕರೆ ಇಪ್ಪತ್ತು ಗುಂಟೆ ಹೊಲ ಕೊಳ್ಳಲು ಅವನು ಮಾತು ಮುಗಿಸಿದ್ದ. ಹಣವೆಲ್ಲ ಅವನದೇ, ಪ್ರಾವಿಡೆಂಟ್ ಫಂಡಿನಿಂದ ತೆಗೆದದ್ದು. ತೊಡಕೆಂದರೆ, ಹೊಸ ಭೂಸುಧಾರಣೆ ಕಾನೂನು ಬಂದು ಎರಡು ವರ್ಷವಾಗಿತ್ತು. ವರ್ಷಕ್ಕೆ ಹನ್ನೆರಡು ಸಾವಿರ ಮೀರಿ ಸಂಬಳ ಬರುವವನು ಸಾಗುವಳಿ ಭೂಮಿ ಕೊಳ್ಳುವಂತಿರಲಿಲ್ಲ. ಹೆಂಡತಿಯ ಹೆಸರಿನಲ್ಲಿಯೂ ಆಗುತ್ತಿರಲಿಲ್ಲ.

"ನಿಮ್ಮ ತಮ್ಮ ಬೇಸಾಯ ಮಾಡ್ತಾನಲ್ಲ, ಅವನ ಹೆಸರಿಗೆ ಮಾಡಿಸಿ," ಎಂದೆ.

ನಲ್ಲಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದ. "ಚಿಕ್ಕಮುನಿಯಪ್ಪನ್ಗೆ ಮೂರು ಗಂಡು ಮಕ್ಳವ್ರೆ ರೈಟ್ರೇ. ನಾಳೆ ಅವು ಇದು ನಮ್ಮಪ್ಪನ್ ಒಲ ಅಂತ ನಿಂತ್ಕಂಡ್ರೆ ನಾನೇನ್ ಮಾಡ್ಲಿ? ನನ್ ತಂಗಿಗಾದ್ರೆ ಗಂಡ ಇಲ್ಲ, ಮಕ್ಳಿಲ್ಲ. ಇಂದಿಲ್ಲ, ಮುಂದಿಲ್ಲ. ಇವಳೆಸ್ರಲ್ಲಿದ್ರೆ ಪೆಟ್ಗೇಲಿ ಬೀಗ ಆಕಿಟ್ಟಂಗೆ."

ಮೆತ್ತಗೇ ಹೇಳಿದ. ಆದರೆ ಬೆಂಚು ಮೂರಡಿ ದೂರದಲ್ಲಿತ್ತು, ಸೊಣ್ಣಮ್ಮನಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಹೊಂಗೆಯ ಎಲೆ ನೋಡುತ್ತಿದ್ದಳು. ಆಗ ಆಕೆಗೆ ನಲವತ್ತೈದು ಇರಬಹುದು. ನಾನು ಏನು ಹೇಳಿದೆ ಗೊತ್ತೇ? "ಒಳ್ಳೆ ಉಪಾಯ ಕಣಯ್ಯ," ಎಂದೆ. ಈ ಮಾತು ನೆನಪಾದಾಗಲೆಲ್ಲ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಕಚೇರಿಯ ಒಳಗೆ ಸಾಹೇಬರು ಹೊಲ ಮಾರುವವನನ್ನು ನಿಲ್ಲಿಸಿ, ಇಷ್ಟಪಟ್ಟು ಬರೆದುಕೊಡುತ್ತಿದ್ದೀಯಾ, ಯಾರ ಬಲವಂತವೂ ಇಲ್ಲವೇ ಎಂದು ಕೇಳಿದರು. ಸೊಣ್ಣಮ್ಮನನ್ನು ಏನೂ ಕೇಳಲಿಲ್ಲ. ಕೊಳ್ಳುವವರನ್ನು ಹಾಗೆ ಕೇಳುವ ಪದ್ಧತಿಯಿಲ್ಲ; ಆಸ್ತಿ ಬರುತ್ತದೆಂದರೆ ಬೇಡವೆನ್ನುವವರು ಯಾರು ಎಂದು ಲೆಕ್ಕ. ನಾನೇ ಆಕೆಯ ಎಡಗೈ ಹೆಬ್ಬೆರಳು ಹಿಡಿದು ಶಾಯಿ ಪ್ಯಾಡಿಗೆ ಒತ್ತಿಸಿ ಕಾಗದದ ಮೇಲೆ ಉರುಳಿಸಿದೆ. ಓದು ಬರಹ ಇಲ್ಲದ ಹೆಂಗಸರ ಬೆರಳನ್ನು ಬರಹಗಾರರು ಹಾಗೇ ಹಿಡಿಯುವುದು. ಅವರಾಗಿ ಒತ್ತಲಿ ಎಂದು ಕಾಯುವಷ್ಟು ಪುರುಸೊತ್ತು ನಮಗೆ ಇರುವುದಿಲ್ಲ. ಆ ಬೆರಳು ಎಷ್ಟು ಒಡೆದಿತ್ತೆಂದರೆ ಗುರುತು ಮೂಡಲು ಎರಡು ಸಲ ಒತ್ತಬೇಕಾಯಿತು.

"ಇನ್ಮೇಲೆ ನೀವು ಜಮೀನ್ದಾರಿಣಿ ಕಣಮ್ಮ," ಎಂದು ಛೇಡಿಸಿದೆ. ಆಕೆ ಅಣ್ಣನ ಮುಖ ನೋಡಿದಳು, ನಗಬಹುದೇ ಎಂದು ಕೇಳುವ ಹಾಗೆ. ನಲ್ಲಪ್ಪ ನಕ್ಕ. ಆಮೇಲೆ ಆಕೆಯೂ ನಕ್ಕಳು.

ಸೊಣ್ಣಮ್ಮನ ಹಿಂದಿನ ಕಥೆ ನನಗೆ ತಿಳಿದದ್ದು ನಿಧಾನವಾಗಿ, ಬಿಡಿಬಿಡಿಯಾಗಿ. ಆಕೆಯನ್ನು ಅತ್ತಿಬೆಲೆಯ ಕಡೆಗೆ ಕೊಟ್ಟಿದ್ದರು. ಮದುವೆಯಾದಾಗ ಹದಿನಾಲ್ಕು. ಗಂಡನಿಗೆ ಎದೆರೋಗ; ನಾಲ್ಕು ವರ್ಷ ಕೆಮ್ಮಿ ಕೆಮ್ಮಿ ಹೋದ. ಹನ್ನೊಂದನೇ ದಿನದ ಊಟ ಮುಗಿದು ಎಲೆ ಎತ್ತುತ್ತಿದ್ದಾಗ ಅತ್ತೆ ಆಕೆಯ ಟ್ರಂಕನ್ನು ತಂದು ಹೊರಗಿನ ಜಗುಲಿಯ ಮೇಲೆ ಇಟ್ಟಳಂತೆ. ಬೈಗುಳವಿಲ್ಲ, ಹೊಡೆತವಿಲ್ಲ, ಮಾತೇ ಇಲ್ಲ. ಹಿಂದಿನ ದಿನದವರೆಗೆ "ಬಾಮ್ಮ, ತಿನ್ನಮ್ಮ" ಎನ್ನುತ್ತಿದ್ದ ಮನೆಯಲ್ಲಿ ಒಬ್ಬರೂ ಆಕೆಯ ಕಡೆ ತಿರುಗಲಿಲ್ಲ. ಅಂದು ಕುಂದಲಹಳ್ಳಿಗೆ ಬಂದವಳು ತಮ್ಮನನ್ನು ಬೆಳೆಸಿ, ಅವನ ಮದುವೆ ನೋಡಿ, ಅವನ ಹೆಂಡತಿ ಬೈರಮ್ಮನ ಬಾಣಂತನ ಮಾಡಿ, ನಲ್ಲಪ್ಪನ ಮಕ್ಕಳಿಗೂ ಎಣ್ಣೆ ಹಚ್ಚಿ ನೀರೆರೆದು ಕಾಲ ಕಳೆದಳು. ತಮ್ಮನ ಮನೆಯಲ್ಲಿ ಆಕೆ ಉಣ್ಣುತ್ತಿದ್ದದ್ದು ಎಲ್ಲರದೂ ಆದ ಮೇಲೆ. ಯಾರೂ ಹಾಗೆ ಹೇಳಿರಲಿಲ್ಲ, ಆದರೆ ಮೊದಲು ಕೂರು ಎಂದೂ ಯಾರೂ ಹೇಳಿರಲಿಲ್ಲ.

ಆ ಹೊಲ ಬಂದ ಮೇಲೆ ಹೆಂಗಸು ಬೇರೆಯೇ ಆದಳು. ಮೊದಲು ಅಲ್ಲಿದ್ದದ್ದು ಕಲ್ಲು ಮತ್ತು ಲಂಟಾನದ ಪೊದೆ. ಒಂದು ಬೇಸಿಗೆಯಿಡೀ ಕಡಿದು ಸುಟ್ಟಳು. ಚಿಕ್ಕಮುನಿಯಪ್ಪ ತನ್ನ ಮಕ್ಕಳನ್ನು ಕಟ್ಟಿಕೊಂಡು ಬಾವಿ ತೋಡಿದ. ಅದಕ್ಕೆ ಅಣ್ಣನಿಂದ ಕಾಸು ಕೇಳಲಿಲ್ಲ, ಅಣ್ಣನೂ ಕೊಡಲಿಲ್ಲ. ನೀರು ಬಂದ ವರ್ಷ ಸೊಣ್ಣಮ್ಮ ಕನಕಾಂಬರ ಹಾಕಿದಳು, ಬದುವಿನ ಮೇಲೆ ದಂಟು, ಮೂಲೆಯಲ್ಲಿ ರಾಗಿ. ಮಂಗಳವಾರ ನಮ್ಮ ಊರಿನ ಸಂತೆಗೆ ಹೂವಿನ ಬುಟ್ಟಿ ತರುತ್ತಿದ್ದಳು. ಮಾರಿ ಮುಗಿಸಿ ನನ್ನ ಬೆಂಚಿನ ಮೇಲೆ ಕೂತು, ನನ್ನ ಮೇಜಿನ ಲಕ್ಷ್ಮೀ ಪಟಕ್ಕೆ ಒಂದು ಮೊಳ ಹೂವು ಸುತ್ತಿ, ಬಸ್ಸಿಗೆ ಕಾಯುತ್ತಿದ್ದಳು. ಕಂದಾಯ ಕಟ್ಟಿದ ರಸೀದಿ ತಂದು ಓದಿಸುತ್ತಿದ್ದಳು. "ಸೊಣ್ಣಮ್ಮ" ಎಂದು ನಾನು ಓದಿದ ಕೂಡಲೇ "ಸಾಕು ಬುಡಿ" ಎಂದು ಕಿತ್ತುಕೊಳ್ಳುತ್ತಿದ್ದಳು. ಉಳಿದದ್ದು ಆಕೆಗೆ ಬೇಕಿರಲಿಲ್ಲ.

ನಲ್ಲಪ್ಪ ಭಾನುವಾರ ಸ್ಕೂಟರಿನಲ್ಲಿ ಬಂದು ಬದುವಿನ ಮೇಲೆ ಒಂದು ಸುತ್ತು ಹಾಕಿ, ಎರಡು ಕಟ್ಟು ಸೊಪ್ಪು ಒಯ್ಯುತ್ತಿದ್ದ. ಅವನೂ "ನಮ್ ಒಲ" ಎನ್ನುತ್ತಿದ್ದ, ಚಿಕ್ಕಮುನಿಯಪ್ಪನೂ "ನಮ್ ಒಲ" ಎನ್ನುತ್ತಿದ್ದ. ಸೊಣ್ಣಮ್ಮ ಬರೀ "ಒಲ" ಎನ್ನುತ್ತಿದ್ದಳು.

ಎಂಬತ್ತೊಂದರಲ್ಲಿ ನಲ್ಲಪ್ಪ ನಿವೃತ್ತನಾದ. ಒಂದು ದಿನ ಸಿಕ್ಕಾಗ ನಾನೇ ಹೇಳಿದೆ, ಇನ್ನು ಸಂಬಳದ ಅಡ್ಡಿ ಇರುವುದಿಲ್ಲ, ಕಾನೂನು ಹಿಂದಿನ ಐದು ವರ್ಷದ ವರಮಾನ ನೋಡುವುದರಿಂದ ಕೆಲವು ವರ್ಷ ಕಳೆದ ಮೇಲೆ ಹೊಲವನ್ನು ನಿನ್ನ ಹೆಸರಿಗೆ ಮಾಡಿಸಿಕೊಳ್ಳುವುದಾದರೆ ಮಾಡಿಸಿಕೋ ಎಂದು. ಅವನು ನಕ್ಕ. "ಅವಳೆಲ್ಲಿಗೋಯ್ತಾಳೆ ಬುಡಿ ರೈಟ್ರೇ."

ಎಲ್ಲಿಗೂ ಹೋಗಲಿಲ್ಲ ನಿಜ. ಹೋದದ್ದು ಕಾಲ. ಎಂಬತ್ತಾರರ ಹೊತ್ತಿಗೆ ವೈಟ್‌ಫೀಲ್ಡ್ ರಸ್ತೆಯುದ್ದಕ್ಕೂ ಕಾರ್ಖಾನೆಗಳ ಕಾಂಪೌಂಡು ಎದ್ದವು. ಹೊಲಗಳಲ್ಲಿ ಸುಣ್ಣದ ಗೆರೆ ಎಳೆದು ಸೈಟು ಮಾಡುವವರು ಬಂದರು. ಬಿಳಿ ಷರಟಿನ ಬ್ರೋಕರುಗಳು ಕೆರೆ ಏರಿಯ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಿ ಕೈ ತೋರಿಸುತ್ತಾ ನಿಲ್ಲುತ್ತಿದ್ದರು. ಸೊಣ್ಣಮ್ಮನ ಹೂವಿನ ಹೊಲಕ್ಕೆ ಅವರು ಹೇಳಿದ ಬೆಲೆ ಕೇಳಿ, ಅಷ್ಟು ಸೊನ್ನೆಗಳನ್ನು ಆವರೆಗೆ ಒಟ್ಟಿಗೆ ಬರೆಯದಿದ್ದ ನನಗೇ ತಲೆ ತಿರುಗಿತು.

ಮರುವರ್ಷ ನಲ್ಲಪ್ಪನ ಕೊನೆಯ ಮಗಳಿಗೆ ಗಂಡು ಗೊತ್ತಾಯಿತು. ಹೊಲ ಮಾರುತ್ತೇನೆಂದ. ಅರ್ಧ ನನಗೆ ಬರಬೇಕೆಂದ ಚಿಕ್ಕಮುನಿಯಪ್ಪ: ಬಾವಿ ನಾನು ತೋಡಿದ್ದು, ಹನ್ನೊಂದು ವರ್ಷ ಉತ್ತವನು ನಾನು. "ನೀನು ಉತ್ತಿದ್ದಕ್ಕೆ ರಾಗಿ ತಿಂದಿದೀಯಲ್ಲೋ, ಕೂಲಿ ಮುಟ್ಟೈತೆ," ಎಂದುಬಿಟ್ಟ ನಲ್ಲಪ್ಪ. ಒಡಹುಟ್ಟಿದ ತಮ್ಮನನ್ನು, ಅವನ ಮನೆಯ ಬಾಗಿಲಲ್ಲೇ ನಿಂತು, ಕೂಲಿಯವನೆಂದ. ಅಂದಿನಿಂದ ಎರಡು ಮನೆಗೂ ಮಾತು ನಿಂತಿತು.

ಇಬ್ಬರೂ ಬೇರೆ ಬೇರೆ ದಿನ ನನ್ನ ಬಳಿಗೆ ಬಂದರು. ಇಬ್ಬರದೂ ಒಂದೇ ಬೇಡಿಕೆ: ಹೊಲ ನನ್ನ ಹೆಸರಿಗೆ ಬರುವ ಹಾಗೆ ಬರೆಯಿರಿ, ಆಕೆಯ ಬೆರಳು ಒತ್ತಿಸಿಬಿಡೋಣ. ನಾನು ಇಬ್ಬರಿಗೂ ಕೇಳಿದೆ, ಸೊಣ್ಣಮ್ಮ ಏನೆನ್ನುತ್ತಾಳೆ ಎಂದು. ಮಾತಾಡಿಕೊಂಡು ಬಂದವರ ಹಾಗೆ ಇಬ್ಬರೂ ಒಂದೇ ಉತ್ತರ ಕೊಟ್ಟರು.

"ಅವಳೇನಂತಾಳೆ?"

ಒಂದು ದಿನ ಇಬ್ಬರೂ ಒಂದೇ ಹೊತ್ತಿಗೆ ಬಂದು ನನ್ನ ಮೇಜಿನ ಎರಡು ಬದಿಗೆ ನಿಂತು ಕಿತ್ತಾಡಲು ಶುರು ಮಾಡಿದರು. ಶಾಯಿ ಬುಡ್ಡಿ ಉರುಳಿತು. ಬೇರೆಯವರಿಗಾಗಿ ಬರೆದಿಟ್ಟಿದ್ದ ಛಾಪಾ ಕಾಗದ ಹಾಳಾಯಿತು. ನನಗೆ ರೇಗಿತು, ಬಾಯಿ ತಡೆಯಲಿಲ್ಲ. "ಆಡಿ, ಚೆನ್ನಾಗಿ ಜಗಳ ಆಡಿ. ನಾಳೆ ಸೊಣ್ಣಮ್ಮ ಕಣ್ಣು ಮುಚ್ಚಿದರೆ ನಿಮ್ಮಿಬ್ಬರಿಗೂ ಒಂದು ಹಿಡಿ ಮಣ್ಣೂ ಸಿಗಲ್ಲ. ಮಕ್ಕಳಿಲ್ಲದ ವಿಧವೆಯ ಸ್ವಂತ ಆಸ್ತಿ ಹೋಗೋದು ಗಂಡನ ಕಡೆಯವರಿಗೆ. ಅತ್ತಿಬೆಲೆಯವರಿಗೆ!"

ಇಬ್ಬರೂ ಗರ ಬಡಿದವರಂತೆ ನಿಂತರು. ಸುಳ್ಳಲ್ಲ ಅದು. ಆಕೆ ಏನೂ ಬರೆದಿಡದೆ ಹೋದರೆ ಕಾನೂನು ಹೇಳುವುದು ಹಾಗೆಯೇ. ಆದರೆ ಎಪ್ಪತ್ತಾರರಲ್ಲಿ ನನಗೂ ಅದು ಗೊತ್ತಿರಲಿಲ್ಲ. ತಿಂಗಳ ಹಿಂದಷ್ಟೇ ಒಬ್ಬ ವಕೀಲರ ಗುಮಾಸ್ತನಿಂದ ಕೇಳಿದ್ದೆ. ಹಿಂದಿಲ್ಲ ಮುಂದಿಲ್ಲ ಎಂದು ಅಣ್ಣ ಯಾವಳ ಹೆಸರನ್ನು ಆರಿಸಿದ್ದನೋ, ಅವಳ ಹಿಂದೆ, ಟ್ರಂಕು ಹೊರಗಿಟ್ಟ ಆ ಮನೆ ಕಾನೂನಿನ ಕಣ್ಣಿಗೆ ಇನ್ನೂ ನಿಂತೇ ಇತ್ತು.

ಅಲ್ಲಿಂದ ಶುರುವಾಯಿತು ನೋಡಿ ಉಪಚಾರ. ಚಿಕ್ಕಮುನಿಯಪ್ಪ ಅಕ್ಕನಿಗೆ ಮಂಚ ತಂದ. ಬೆಳಿಗ್ಗೆ ಒಂದು ಲೋಟ ಹಾಲು, ರಾತ್ರಿ ಒಂದು ಲೋಟ. ನಲ್ಲಪ್ಪನ ಹೆಂಡತಿ ವಸಂತಮ್ಮ ಮಾರತ್ತಹಳ್ಳಿಯಿಂದ ಹಾರ್ಲಿಕ್ಸ್ ಬಾಟಲಿ ಕಳಿಸಿದಳು. ಸೊಣ್ಣಮ್ಮ ಒಂದು ದಿನ ಒಗ್ಗರಣೆಯ ಘಾಟಿಗೆ ಕೆಮ್ಮಿದಳಂತೆ. ಸಂಜೆಯೊಳಗೆ ಒಬ್ಬ ಡಾಕ್ಟರನ್ನು ತಮ್ಮ ಕರೆತಂದ, ಇನ್ನೊಬ್ಬ ಡಾಕ್ಟರ ಹತ್ತಿರ ಅಣ್ಣ ಆಟೋದಲ್ಲಿ ಕರೆದೊಯ್ದ. ಎಲ್ಲರಿಗಿಂತ ಮೊದಲು ಎಲೆ ಹಾಕಿ ಕೂರಿಸತೊಡಗಿದರು.

ಮಂಗಳವಾರ ಆಕೆ ಬುಟ್ಟಿಯೊಂದಿಗೆ ಬಂದಳು. ಮುಖ ಬಾಡಿತ್ತು. ಪಟಕ್ಕೆ ಹೂವನ್ನೂ ಸುತ್ತಲಿಲ್ಲ. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದಳು:

"ರೈಟ್ರೇ, ನಂಗೇನಾದ್ರೂ ದೊಡ್ ಕಾಯ್ಲೆ ಬಂದೈತಾ? ನಿಮ್ಗೊತ್ತಿದ್ರೆ ನಿಜ ಯೋಳ್ಬುಡಿ. ನಮ್ಮ್ ಯಜಮಾನ್ರು ಸಾಯೋ ಮುಂಚೆ ಅವ್ರಿಗೂ ಇಂಗೇ ಆಲು ಕೊಡ್ತಿದ್ರು."

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಪ್ರೀತಿಯಿಂದ ಕೊಟ್ಟರೆಂದು ನಂಬಲು ಆಕೆಗೆ ಅಭ್ಯಾಸವೇ ಇರಲಿಲ್ಲ. ಸಾವು ಬಂದಿದೆಯೆಂದು ನಂಬುವುದು ಅದಕ್ಕಿಂತ ಸುಲಭವಾಗಿತ್ತು. ಸುಳ್ಳು ಹೇಳಬಹುದಿತ್ತು, ಹೇಳಲಾಗಲಿಲ್ಲ. ಕಾಯಿಲೆ ಏನೂ ಇಲ್ಲವೆಂದೂ, ಕಾನೂನು ಹೀಗಿದೆಯೆಂದೂ, ಅದನ್ನು ಅವರ ತಲೆಗೆ ಹಾಕಿದವನು ನಾನೇ ಎಂದೂ ಹೇಳಿದೆ.

"ಓ, ಅಷ್ಟೇನಾ," ಎಂದಳು. ಬುಟ್ಟಿಯ ಸಿಂಬಿ ಸರಿಮಾಡಿಕೊಂಡು ಎದ್ದು ಹೋದಳು. ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು.

ಭಯ ಏನೇನು ಮಾಡಿಸುತ್ತದೆ ನೋಡಿ, ಅಣ್ಣತಮ್ಮಂದಿರು ರಾಜಿಯಾದರು. ಅರ್ಧ ನಿನಗೆ, ಅರ್ಧ ನನಗೆ. ಸೊಣ್ಣಮ್ಮ ದಾನಪತ್ರ ಬರೆದುಕೊಡಲಿ. ಜೂನ್ ತಿಂಗಳಲ್ಲಿ ಒಂದು ಸೋಮವಾರ ಗೊತ್ತಾಯಿತು. ಪತ್ರ ನಾನು ಬರೆದೆ. "ಸ್ವಇಚ್ಛೆಯಿಂದಲೂ ಸಂತೋಷದಿಂದಲೂ, ಯಾರ ಒತ್ತಾಯವೂ ಇಲ್ಲದೆ" ಎಂದು ಬರೆದೆ. ಎಲ್ಲ ಪತ್ರಕ್ಕೂ ಬರೆಯುವುದೇ ಅದು, ಕೈಗೆ ಬಾಯಿಪಾಠವಾಗಿದೆ. ನಿಯಮದ ಪ್ರಕಾರ ಆಕೆಗೆ ಓದಿ ಹೇಳಬೇಕು. ಓದಿದೆ, ಪುರೋಹಿತರು ಊಟದ ಹೊತ್ತಾದಾಗ ಮಂತ್ರ ಹೇಳುವ ವೇಗದಲ್ಲಿ. ಸೊಣ್ಣಮ್ಮ ತಲೆ ಬಗ್ಗಿಸಿ ಕೇಳಿದಳು. ಬೆರಳು ನೀಡಿದಳು. ಒತ್ತಿಸಿದೆ. ನಾಲ್ವರೂ ಒಳಗೆ ಹೋದೆವು.

ಈ ಸಲ ಕೊಡುವವಳು ಆಕೆ. ಆದ್ದರಿಂದ ಸಾಹೇಬರು ಕನ್ನಡಕ ಎತ್ತಿ ಆಕೆಯನ್ನೇ ನೋಡಿ ಕೇಳಿದರು. "ಏನಮ್ಮಾ, ಈ ಪತ್ರ ನೀವು ಇಷ್ಟಪಟ್ಟು ಬರ್ಕೊಡ್ತಾ ಇದ್ದೀರಾ? ಬೆರಳು ನಿಮ್ಮದೇ ತಾನೆ? ಯಾರ ಬಲವಂತನೂ ಇಲ್ಲ ತಾನೆ?"

ಇದಕ್ಕೆ ಎಲ್ಲರೂ ಊಂ ಎನ್ನುತ್ತಾರೆ. ನನ್ನ ಮೂವತ್ತು ವರ್ಷದಲ್ಲಿ ಬೇರೆ ಉತ್ತರ ಕೇಳಿದ್ದು ಎರಡೋ ಮೂರೋ ಸಲ. ನಲ್ಲಪ್ಪ ಆಗಲೇ ಸಹಿ ಹಾಕಲು ಪೆನ್ನು ತೆಗೆದಿದ್ದ.

"ಇಲ್ಲ ಸಾಮಿ," ಎಂದಳು ಸೊಣ್ಣಮ್ಮ. "ನಾನಾಗಿ ಕೊಡ್ತಿಲ್ಲ. ನನ್ನ ಯಾರೂ ಕೇಳೇ ಇಲ್ಲ."

ಸಾಹೇಬರು ಪತ್ರವನ್ನು ನೋಂದಾಯಿಸದೆ ಮೆಲ್ಲಗೆ ನನ್ನ ಕಡೆಗೆ ಸರಿಸಿದರು. ಹೊರಗೆ ಬಂದ ಕೂಡಲೇ ನಲ್ಲಪ್ಪ ಕೂಗಾಡಿದ. "ಅನ್ನೊಂದ್ ವರ್ಷ ನಿನ್ ನಂಬಿದ್ನಲ್ಲೇ! ನನ್ ರಕ್ತ ಸುರಿಸಿ ದುಡಿದ್ ದುಡ್ಡು ಕಣೇ! ನಿನ್ ಎಣಕ್ಕೂ ನಾನು ಬರಲ್ಲ!" ಎಂದ. ಚಿಕ್ಕಮುನಿಯಪ್ಪ ಅಕ್ಕನನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದ. ನಲ್ಲಪ್ಪ ಸ್ಕೂಟರ್ ಒದ್ದು ಹೊರಟ.

ಸೊಣ್ಣಮ್ಮ ನನ್ನ ಬೆಂಚಿನ ಮೇಲೆ ಕೂತಳು. ಹೆಬ್ಬೆರಳಿನ ಶಾಯಿಯನ್ನು ಸೆರಗಿಗೆ ಉಜ್ಜುತ್ತಿದ್ದಳು. ನಾನು ಕಾಫಿ ತರಿಸಿದೆ. ಎರಡು ಗುಟುಕು ಕುಡಿದಳು, ಆಮೇಲೆ ಅತ್ತಳು. ನಾನು ಗದರಿಸಿದೆ, ನನಗೆ ಬೇರೆ ಬರುವುದಿಲ್ಲ. "ಕೊಡೋಕೆ ಇಷ್ಟ ಇಲ್ಲ ಅಂದ್ರೆ ಮೊದಲೇ ಹೇಳಬಾರದಿತ್ತೇನಮ್ಮ?"

"ಕೊಡಲ್ಲ ಅಂತ ಯಾರಂದ್ರು ರೈಟ್ರೇ? ಅಣ್ಣನ ದುಡ್ಡು, ತಮ್ಮನ ಬಾವಿ. ನಂಗೊತ್ತಿಲ್ವಾ? ಆದ್ರೆ ಕೊಟ್ ಮೇಲೆ ನಾನ್ ಯಾರು? ಆಲು ನಿಂತೋಯ್ತದೆ, ಅದೋಗ್ಲಿ, ಆಲಿಲ್ದೆ ಬದ್ಕಿವ್ನಿ. ಮಾತೂ ನಿಂತೋಯ್ತದಲ್ಲ. ಅತ್ತಿಬೆಲೇಲಿ ನಿಂತೋಯ್ತಲ್ಲ, ಅಂಗೇ. ಇನ್ನೊಂದ್ ಕಿತ ಟ್ರಂಕ್ ಇಡ್ಕಂಡು ನಾನೆಲ್ಲಿಗೋಗ್ಲಿ?" ನನ್ನ ಮುಖ ನೋಡಿದಳು. "ಕೊಡ್ತೀಯಾ ಅಂತ ಒಂದ್ ಮಾತು ಕೇಳ್ಬೌದಿತ್ತು. ಅವ್ರು ಬುಡಿ. ನೀವೂ ಕೇಳ್ಲಿಲ್ಲ."

ಹೌದು. ಎಲ್ಲ ಗೊತ್ತಿದ್ದವನು ನಾನು. ಕಾಯಿಲೆಯಿಲ್ಲವೆಂದು ಆಕೆಗೆ ಹೇಳಿದವನೂ ನಾನು. ಆದರೂ ಬೆರಳನ್ನು ಹಿಡಿದು ಒತ್ತಿಸಿದೆ. ಇಷ್ಟು ವರ್ಷಗಳಲ್ಲಿ ಹಾಗೆ ಎಷ್ಟು ಹೆಂಗಸರ ಬೆರಳು ಹಿಡಿದಿದ್ದೇನೋ ಎಂಬ ಯೋಚನೆ ಬಂದು ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಸೊಣ್ಣಮ್ಮ ತಮ್ಮನ ಮನೆಗೆ ಹೋಗಲಿಲ್ಲ. ಹೊಲದ ಪಂಪ್‌ಸೆಟ್ಟಿನ ಕೋಣೆಯಲ್ಲಿ ಚಾಪೆ ಹಾಕಿಕೊಂಡಳು. ಚಿಕ್ಕಮುನಿಯಪ್ಪ ಬೆಳಿಗ್ಗೆ ಬಂದು ಮೋಟಾರು ಹಾಕಿ ನೀರು ಬಿಡುತ್ತಿದ್ದ, ಅಕ್ಕನ ಕಡೆ ನೋಡುತ್ತಿರಲಿಲ್ಲ. ಬೈರಮ್ಮ ಮಾತ್ರ ಗಂಡನ ಕಣ್ಣು ತಪ್ಪಿಸಿ ಮುದ್ದೆ, ಸಾರು ಕಳಿಸುತ್ತಿದ್ದಳು. ಕಣ್ಣು ತಪ್ಪುತ್ತಿತ್ತೋ, ಅವನೇ ತಪ್ಪಿಸಿಕೊಳ್ಳುತ್ತಿದ್ದನೋ ನನಗೆ ಅನುಮಾನವಿದೆ. ಹೀಗೆ ಐದು ತಿಂಗಳು ಕಳೆಯಿತು. ಮಂಗಳವಾರದ ಹೂವು ತಪ್ಪಲಿಲ್ಲ.

ಕಾರ್ತಿಕದಲ್ಲಿ ನಲ್ಲಪ್ಪ ಬಂದ. ಮಗಳ ಮದುವೆ ಮಾಘಕ್ಕೆ. ಗಡ್ಡ ಬಿಟ್ಟಿದ್ದ, ಜೇಬಿನಲ್ಲಿ ಒಂದೂ ಪೆನ್ನಿರಲಿಲ್ಲ. ಏನಾದರೂ ದಾರಿ ತೋರಿಸಿ, ಕೋರ್ಟಿಗೆ ಹೋಗಬಹುದೇ, ವಕೀಲರ ನೋಟೀಸು ಕೊಡಿಸಬಹುದೇ ಎಂದ.

"ನನ್ನನ್ನ ಯಾಕಯ್ಯಾ ಕೇಳ್ತೀಯ? ಅವಳನ್ನ ಕೇಳಿದ್ದೀಯಾ?" ಎಂದೆ.

"ಏನಂತ ಕೇಳ್ಲಿ?"

ಅರವತ್ತು ದಾಟಿದ ಗಂಡಸು. ನಿಜಕ್ಕೂ ಗೊತ್ತಿಲ್ಲದವನ ಹಾಗೆ ಕೇಳಿದ. ನನಗೆ ಅವನ ಮೇಲೆ ಮೊದಲ ಸಲ ಅಯ್ಯೋ ಎನಿಸಿತು. ಅವನೂ ಕೆಟ್ಟವನಲ್ಲ, ಹೆಂಗಸರನ್ನು ಕೇಳಿ ಮಾಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಮೇಜಿಗೆ ಬೀಗ ಹಾಕಿ ಅವನ ಜೊತೆ ಹೊರಟೆ.

ನಾವು ಹೋದಾಗ ಸೊಣ್ಣಮ್ಮ ಕನಕಾಂಬರದ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಹೂವು ಬಿಡಿಸುತ್ತಿದ್ದಳು. ಅಣ್ಣನನ್ನು ಕಂಡು ಎದ್ದು, ಒಳಗಿನಿಂದ ನೀರು ತಂದು ಕೊಟ್ಟು, ಮತ್ತೆ ಕೂತಳು. ಬಾವಿಯ ಹತ್ತಿರ ಚಿಕ್ಕಮುನಿಯಪ್ಪ ಗುದ್ದಲಿ ಹಿಡಿದು ನಿಂತಿದ್ದ, ನಮ್ಮನ್ನು ನೋಡದವನಂತೆ. ನಲ್ಲಪ್ಪ ಕಾಲುವೆಯ ದಂಡೆಯ ಮೇಲೆ ಕೂತು ಮಳೆಯ ವಿಷಯ ಮಾತಾಡಿದ. ಬಸ್ ಚಾರ್ಜಿನ ವಿಷಯ ಮಾತಾಡಿದ. ಹೂವು ಚೆನ್ನಾಗಿ ಬಂದಿದೆ ಎಂದ. ನಾನು ಕೆಮ್ಮಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ, ಒರೆಸಿಕೊಂಡ ಟವೆಲನ್ನು ಮುಖದಿಂದ ತೆಗೆಯದೆಯೇ ಹೇಳಿದ:

"ಸೊಣ್ಣೀ, ನಂದು ತಪ್ಪಾಯ್ತು ಕಣವ್ವ. ಮಗು ಮದ್ವೆ ಐತೆ. ಈ ಒಲದಲ್ಲಿ ನಂಗೊಸಿ ಕೊಡ್ತೀಯಾ?"

ಸೊಣ್ಣಮ್ಮನ ಕೈ ನಿಂತಿತು. ಬಿಡಿಸಿದ ಹೂವೆಲ್ಲ ಮಡಿಲಿನಿಂದ ಮಣ್ಣಿಗೆ ಬಿತ್ತು. "ಇದ್ನ ಅವತ್ತೇ ಕೇಳಿದ್ರೆ ಅವತ್ತೇ ಕೊಡ್ತಿದ್ನಲ್ಲಣ್ಣ," ಎಂದು ಬಿಕ್ಕಿದಳು. "ರಸ್ತೆ ಪಕ್ಕದ್ದು ಮೂವತ್ತು ಗುಂಟೆ ನೀನು ತಗೋ, ಅದ್ಕೆ ರೇಟ್ ಜಾಸ್ತಿ ಬತ್ತದೆ. ಆ ಕಡೆ ಇಪ್ಪತ್ತು ಗುಂಟೆ ತಮ್ಮನ್ಗೆ." ತಲೆ ಎತ್ತಿ ಬಾವಿಯ ಕಡೆ ಕೂಗಿದಳು. "ಏನ್ಲಾ, ಕೇಳುಸ್ತಾ? ನಿಂಗೆ ಬೇಕೋ ಬ್ಯಾಡ್ವೋ?"

ಚಿಕ್ಕಮುನಿಯಪ್ಪ ಗುದ್ದಲಿ ಕೆಳಗಿಟ್ಟು ಬಂದ. "ಬೇಕು ಕಣಕ್ಕ," ಎಂದ, ಸ್ಕೂಲು ಹುಡುಗನ ದನಿಯಲ್ಲಿ.

ನಾನು ಮನಸ್ಸಿನಲ್ಲೇ ಕೂಡಿದೆ. ಅರವತ್ತರಲ್ಲಿ ಐವತ್ತು ಗುಂಟೆಯಾಯಿತು, ಇನ್ನೂ ಹತ್ತು ಉಳಿಯಿತು. ನಲ್ಲಪ್ಪನೂ ಕೂಡಿರಬೇಕು, ಉಳಿದದ್ದು ಯಾರಿಗೆ ಎಂದು ಅವನೇ ಕೇಳಿದ.

"ಬಾವಿ, ಈ ಕೋಣೆ, ಈ ಹೂವಿನ ಸಾಲು, ಇಷ್ಟು ನನ್ನೆಸ್ರಲ್ಲೇ ಇರ್ಲಿ," ಎಂದಳು. "ನೀರು ಎಲ್ರೂ ತಗೊಳ್ಳಿ. ಅತ್ತಿಬೆಲೇವ್ರಿಗೆ ಓಗ್ದಂಗೆ ಕಾಗ್ದಾನೂ ಬರೀತೀನಿ, ನನ್ ತರ್ವಾಯ ನಿಮ್ಮಿಬ್ರ ಮಕ್ಳಿಗೆ ಅಂತ. ನಾನಿರೋಗಂಟ ನಂದು."

ನಲ್ಲಪ್ಪನಿಗೆ ನೋವಾಯಿತು, ಅದು ಅವನ ಮುಖದಲ್ಲೇ ಕಂಡಿತು. "ಯಾಕವ್ವ? ನಾವ್ ನೋಡ್ಕಳಲ್ವಾ? ನಾನು ನಿನ್ ನೋಡೋಕ್ ಬರ್ದೆ ಓಗ್ತೀನಾ? ನನ್ ಮೇಲೆ ನಂಬ್ಕೆ ಇಲ್ವಾ?"

"ನಂಬ್ತೀನಣ್ಣ," ಎಂದಳು ಸೊಣ್ಣಮ್ಮ, ಮಣ್ಣಿನಿಂದ ಹೂವು ಆರಿಸಿಕೊಳ್ಳುತ್ತಾ. "ಆದ್ರೂ ಅತ್ತು ಗುಂಟೆ ಇರ್ಲಿ."

ಪತ್ರ ಮುಂದಿನ ವಾರ ನೋಂದಣಿಯಾಯಿತು. ಮಾಘದಲ್ಲಿ ಮದುವೆಯೂ ಆಯಿತು. ನಲ್ಲಪ್ಪ ಮಾರಿದ ಮೂವತ್ತು ಗುಂಟೆಯಲ್ಲಿ ಈಗ ಒಂದು ಕಾರ್ಖಾನೆಯ ಕಾಂಪೌಂಡು ಎದ್ದಿದೆ. ಅದರ ಈಚೆಗೆ ಕನಕಾಂಬರ ಹಾಗೇ ಇದೆ. ಎರಡು ವರ್ಷವಾಯಿತು. ಚಿಕ್ಕಮುನಿಯಪ್ಪ ದಿನಾ ಬೆಳಿಗ್ಗೆ ಬಂದು ಅಕ್ಕನ ಜೊತೆ ಕಾಫಿ ಕುಡಿದು ನೀರು ಬಿಡುತ್ತಾನೆ. ನಲ್ಲಪ್ಪ ಭಾನುವಾರ ಹೆಂಡತಿಯನ್ನೂ ಕೂರಿಸಿಕೊಂಡು ಬರುತ್ತಾನೆ, ಒಂದು ವಾರವೂ ತಪ್ಪಿಸಿಲ್ಲ.

ನನ್ನ ಬಾಯಿ ಸುಮ್ಮನಿರುವುದಿಲ್ಲ. ಹೋದ ಮಂಗಳವಾರ ಕೇಳಿಯೇಬಿಟ್ಟೆ. "ಅಲ್ಲಮ್ಮಾ, ಇವರು ಹೀಗೆ ತಪ್ಪದೆ ಬರೋದು ನಿನ್ನ ಮೇಲಿನ ಪ್ರೀತಿಗೋ, ಆ ಹತ್ತು ಗುಂಟೆಗೋ?"

ಸೊಣ್ಣಮ್ಮ ಹೂವು ಕಟ್ಟುತ್ತಿದ್ದಳು. ಬಹಳ ಹೊತ್ತು ಯೋಚಿಸಲಿಲ್ಲ.

"ಯಾತಕ್ಕಾದ್ರೂ ಬರ್ಲಿ ರೈಟ್ರೇ," ಎಂದಳು. "ಬತ್ತಾವ್ರಲ್ಲ."